ಹ್ಯಾಲೋವೀನ್ ಎಂಡ್ಸ್: ಮೈಕೆಲ್‌ನನ್ನು ಮೋರಿಯಲ್ಲಿ ಕೂರಿಸಿದ್ದು ಧೈರ್ಯವೋ, ಮೋಸವೋ?

ಗಿರಣಿ ಗುಮಾಸ್ತ, ಗಂಗಾವತಿ

ಕಥೆಯನ್ನು ಕೊನೆಯವರೆಗೂ ಬಿಚ್ಚಿಡುತ್ತಿದ್ದೇನೆ. ನೋಡದವರು ನೋಡಿಕೊಂಡು ಬನ್ನಿ, ಜಗಳ ಇಲ್ಲೇ ಇರುತ್ತದೆ.

ಬೇಸಿಗೆ ಬೆಳೆಯ ಭತ್ತದ ಲಾರಿಗಳ ಸಾಲು ಕರಗಿ ಗಿರಣಿಯಲ್ಲಿ ಬಿಡುವು ಸಿಕ್ಕ ವಾರ. ಮೂರು ರಾತ್ರಿ ಕೂತು ಡೇವಿಡ್ ಗೋರ್ಡನ್ ಗ್ರೀನ್ ನಿರ್ದೇಶಿಸಿದ ಮುಖವಾಡದ ಕೊಲೆಗಾರ ಮೈಕೆಲ್ ಮೈಯರ್ಸ್‌ನ ಮೂರೂ ‘ಹ್ಯಾಲೋವೀನ್’ ಭಯಾನಕ ಚಿತ್ರಗಳನ್ನು ನೋಡಿ ಮುಗಿಸಿದೆ. 2018ರದ್ದು ಇಷ್ಟವಾಯಿತು. 2021ರ ‘ಹ್ಯಾಲೋವೀನ್ ಕಿಲ್ಸ್’ ನೋಡುವಾಗ ಹೆಣಗಳ ಲೆಕ್ಕ ಇಡಲು ಗಿರಣಿಯ ಖಾತೆ ಪುಸ್ತಕವೇ ಬೇಕು ಎನಿಸಿತು. ತಲೆಯಿಂದ ಇನ್ನೂ ಇಳಿಯದಿರುವುದು 2022ರ ‘ಹ್ಯಾಲೋವೀನ್ ಎಂಡ್ಸ್’. ಸರಣಿಯ ಅಭಿಮಾನಿಗಳು ಬೈದು ಬದಿಗಿಟ್ಟ ಚಿತ್ರ ಅದು. 1978ರ ಮೂಲ ಚಿತ್ರ ಬಿಟ್ಟರೆ ಇಡೀ ಸರಣಿಯಲ್ಲಿ ಹೆಚ್ಚು ಜೀವ ಇರುವುದು ಅದರ ಮೊದಲರ್ಧದಲ್ಲೇ ಎಂಬುದು ನನ್ನ ವಾದ.

ಶುರುವನ್ನೇ ನೋಡಿ. 2019ರ ಹ್ಯಾಲೋವೀನ್ ರಾತ್ರಿ, ಅಮೆರಿಕದಲ್ಲಿ ಮಕ್ಕಳು ವೇಷ ತೊಡುವ ಹಬ್ಬ. ಕೋರಿ ಕನ್ನಿಂಗ್‌ಹ್ಯಾಮ್ ಎಂಬ ಯುವಕ ಒಂದು ಮನೆಯಲ್ಲಿ ಹುಡುಗನೊಬ್ಬನನ್ನು ನೋಡಿಕೊಳ್ಳಲು ಬಂದಿದ್ದಾನೆ. ಆ ಹುಡುಗ ತಮಾಷೆಗೆಂದು ಅವನನ್ನು ಅಟ್ಟದ ಕೋಣೆಯಲ್ಲಿ ಕೂಡಿಹಾಕುತ್ತಾನೆ. ಗಾಬರಿಬಿದ್ದ ಕೋರಿ ಬಾಗಿಲನ್ನು ಒದೆಯುತ್ತಾನೆ. ಆಚೆಗೆ ನಿಂತಿದ್ದ ಹುಡುಗ ಮೆಟ್ಟಿಲ ಕಟಕಟೆಯ ಮೇಲಿಂದ ಹಾರಿ ಕೆಳಗಿನ ನೆಲಕ್ಕೆ ಬೀಳುತ್ತಾನೆ. ಸರಿಯಾಗಿ ಆಗಲೇ ತಂದೆ ತಾಯಿ ಒಳಗೆ ಕಾಲಿಡುತ್ತಾರೆ. ಮೈಕೆಲ್ ಮೈಯರ್ಸ್‌ನ ನೆರಳೂ ಸುಳಿದಿಲ್ಲ, ಚೂರಿ ಹೊರಗೆ ಬಂದಿಲ್ಲ. ಆದರೂ ನನ್ನ ಕೈಯಲ್ಲಿದ್ದ ಚಹಾ ಆರಿಹೋಗಿತ್ತು.

ಆಮೇಲಿನದು ಊರಿನ ಕಥೆ. ನ್ಯಾಯಾಲಯ ಬಿಟ್ಟರೂ ಹ್ಯಾಡನ್‌ಫೀಲ್ಡ್ ಊರು ಕೋರಿಯನ್ನು ಬಿಡುವುದಿಲ್ಲ. ಗುಜರಿಯಲ್ಲಿ ಕೆಲಸ, ಮನೆಯಲ್ಲಿ ಉಸಿರುಗಟ್ಟಿಸುವ ತಾಯಿ, ಬೀದಿಯಲ್ಲಿ ಶಾಲೆಯ ಬ್ಯಾಂಡ್‌ಸೆಟ್ ಹುಡುಗರ ಕಾಟ. ಒಂದು ರಾತ್ರಿ ಆ ಹುಡುಗರೇ ಅವನನ್ನು ಸೇತುವೆಯಿಂದ ಕೆಳಗೆ ಕೆಡಹುತ್ತಾರೆ. ಮೋರಿಯೊಳಗೆ ನಾಲ್ಕು ವರ್ಷದಿಂದ ಅಡಗಿರುವ ಮುದಿ ಮೈಕೆಲ್ ಅವನ ಕತ್ತು ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಬಿಟ್ಟುಬಿಡುತ್ತಾನೆ. ನಲವತ್ತು ವರ್ಷಗಳಲ್ಲಿ ಮೈಕೆಲ್ ಯಾರನ್ನಾದರೂ ಹೀಗೆ ಬಿಟ್ಟದ್ದುಂಟೇ? ಅಲ್ಲಿಂದ ಮುಂದೆ ಮುಖವಾಡ ಕೋರಿಯ ಕಡೆಗೆ ಜಾರತೊಡಗುತ್ತದೆ.

ಸಣ್ಣ ಊರಿನಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ನನ್ನ ದೂರು ಒಂದೇ. ಇಷ್ಟು ದೂರ ಬಂದ ಚಿತ್ರ ಕೊನೆಯ ಅರ್ಧ ಗಂಟೆಯಲ್ಲಿ ಹೆದರಿಕೊಂಡು ಕೋರಿಯನ್ನು ಕೊಂದು, ಹಳೆಯ ಮೈಕೆಲ್‌ನನ್ನು ಎಬ್ಬಿಸಿ, 1978ರಲ್ಲಿ ಅವನ ಕೈಯಿಂದ ಪಾರಾಗಿದ್ದ ಲಾರಿ ಎಂಬ ಹೆಂಗಸಿನ ಅಡುಗೆಮನೆಗೆ ಕಳುಹಿಸಿಬಿಟ್ಟಿತು. ಹೊಸ ದಾರಿ ಹಿಡಿದದ್ದು ತಪ್ಪಲ್ಲ, ನಡುದಾರಿಯಲ್ಲಿ ಹಿಂದಕ್ಕೆ ತಿರುಗಿದ್ದು ತಪ್ಪು. ಏನನ್ನುತ್ತೀರಿ?

ಕೋಟೆ ಕೆಳಗಿನವನು, ಬಳ್ಳಾರಿ

ಗುಮಾಸ್ತರೇ, ನೀವು ಗಂಗಾವತಿಯಲ್ಲಿ ಮನೆಯಲ್ಲಿ ಕೂತು ನೋಡಿದ್ದೀರಿ, ಆದ್ದರಿಂದ ಇಷ್ಟು ಶಾಂತವಾಗಿ ಬರೆಯುತ್ತಿದ್ದೀರಿ. ನಮ್ಮ ಬಳ್ಳಾರಿಯಲ್ಲಿ ತೆಲುಗು ಚಿತ್ರದ ಮೊದಲ ದಿನದ ಆಟಕ್ಕೆ ಒಮ್ಮೆ ಬನ್ನಿ. ಭಿತ್ತಿಪತ್ರದಲ್ಲಿ ನಾಯಕನ ಮುಖ ಹಾಕಿ ಮಧ್ಯಂತರದ ಹತ್ತಿರದವರೆಗೂ ಅವನನ್ನು ತೋರಿಸದಿದ್ದರೆ ಕುರ್ಚಿಯ ಸ್ಪಂಜು ಹೊರಗೆ ಬಂದಿರುತ್ತದೆ.

ಇದು ನಂಬಿಸಿ ಮಾಡಿದ ಮೋಸ. ಪ್ರಚಾರದಲ್ಲೆಲ್ಲ ಲಾರಿ ಮತ್ತು ಮೈಕೆಲ್ ಕೊನೆಯ ಕಾಳಗ ಎಂದು ಸಾರಿದರು. ಹುಲಿ ಬರುತ್ತದೆಂದು ಡಂಗುರ ಹೊಡೆದು ಬೆಕ್ಕನ್ನು ತಂದು ಬಿಟ್ಟರು. ಬೆಕ್ಕು ಚೆನ್ನಾಗಿತ್ತು ಎನ್ನುತ್ತಿದ್ದೀರಿ ನೀವು. ಇರಬಹುದು, ನಾನು ಚೀಟಿ ಕೊಂಡದ್ದು ಹುಲಿಗೆ.

ಹಣದ ಲೆಕ್ಕವೂ ಅದನ್ನೇ ಹೇಳುತ್ತದೆ. 2018ರ ಚಿತ್ರ ಜಗತ್ತಿನಾದ್ಯಂತ 25 ಕೋಟಿ ಡಾಲರ್ ದಾಟಿತು. ‘ಕಿಲ್ಸ್’ 13 ಕೋಟಿಯ ಆಸುಪಾಸು, ‘ಎಂಡ್ಸ್’ 10 ಕೋಟಿ ಚಿಲ್ಲರೆ. ಚಿತ್ರಮಂದಿರದ ಬಾಗಿಲಲ್ಲಿ ಪ್ರೇಕ್ಷಕರನ್ನು ಕೇಳಿ ಅಂಕ ಕೊಡುವ ಸಿನಿಮಾಸ್ಕೋರ್‌ನಲ್ಲಿ ಸಿ ಪ್ಲಸ್ ಬಂತು.

ಶಕ್ತಿನಗರ ರಾತ್ರಿಪಾಳಿ, ರಾಯಚೂರು

ಕೋಟೆಯವರೇ, ಆ ಲೆಕ್ಕಕ್ಕೆ ಒಂದು ಅಡಿಟಿಪ್ಪಣಿ ಬೇಕು. ‘ಕಿಲ್ಸ್’ ಮತ್ತು ‘ಎಂಡ್ಸ್’ ಎರಡನ್ನೂ ಅಮೆರಿಕದಲ್ಲಿ ಚಿತ್ರಮಂದಿರಕ್ಕೆ ಬಿಟ್ಟ ದಿನವೇ ಪೀಕಾಕ್ ಎಂಬ ಆನ್‌ಲೈನ್ ಸೇವೆಯಲ್ಲೂ ಬಿಟ್ಟರು. ಮನೆಯಲ್ಲೇ ಸಿಗುವುದಕ್ಕೆ ಎಷ್ಟು ಜನ ಚೀಟಿ ಕೊಳ್ಳುತ್ತಾರೆ? ಇನ್ನು ಸಿ ಪ್ಲಸ್, ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ಹಳೆಯ ಕಥೆ ಹೇಳುತ್ತೇನೆ, ರಾತ್ರಿಪಾಳಿಯಲ್ಲಿ ಕೂತು ಕೂತು ಈ ಸರಣಿಯ ವಂಶಾವಳಿ ಬಾಯಿಪಾಠವಾಗಿದೆ. ‘ಎಂಡ್ಸ್’ ಹದಿಮೂರನೆಯ ಚಿತ್ರ. ಅದನ್ನು ಒಂದೇ ಸರಣಿ ಎಂದುಕೊಂಡರೆ ತಲೆ ಕೆಡುತ್ತದೆ. ಎಡದಂಡೆ ಕಾಲುವೆಯ ಉಪಕಾಲುವೆಗಳ ಹಾಗೆ ನೋಡಿ, ಮೇಲಿನ ತೂಬು ಒಂದೇ, ಕೆಳಗೆ ಯಾರ ಹೊಲಕ್ಕೆ ಯಾವ ನೀರು ಎಂಬುದು ಆಯಾ ಕಾಲದ ಯಜಮಾನರ ಇಷ್ಟ.

1978ರಲ್ಲಿ ಜಾನ್ ಕಾರ್ಪೆಂಟರ್ ಮತ್ತು ಡೆಬ್ರಾ ಹಿಲ್ ಸುಮಾರು ಮೂರು ಲಕ್ಷ ಡಾಲರಿನಲ್ಲಿ ಮೊದಲನೆಯದನ್ನು ಮಾಡಿದರು. ಅದರಲ್ಲಿ ಮೈಕೆಲ್‌ಗೆ ಕಾರಣವೇ ಇಲ್ಲ. 1981ರ ಎರಡನೆಯದು ಲಾರಿ ಅವನ ತಂಗಿ ಎಂದಿತು. 1982ರ ಮೂರನೆಯದು, ‘ಸೀಸನ್ ಆಫ್ ದ ವಿಚ್’, ಮೈಕೆಲ್‌ನನ್ನೇ ಬಿಟ್ಟಿತು. ಪೂರ್ತಿ ಬಿಟ್ಟಿತು, ಗುಮಾಸ್ತರೇ, ನೀವು ಕೇಳುತ್ತಿರುವ ಧೈರ್ಯ ಅದೇ ತಾನೇ? ಪ್ರತಿ ವರ್ಷ ಹ್ಯಾಲೋವೀನ್ ಹೆಸರಲ್ಲಿ ಬೇರೆ ಬೇರೆ ಕಥೆ ಹೇಳಬೇಕೆಂಬುದು ಕಾರ್ಪೆಂಟರ್ ಮತ್ತು ಹಿಲ್ ಅವರ ಯೋಚನೆ. ಮಕ್ಕಳ ಮುಖವಾಡ ತಯಾರಿಸುವ ಕಾರ್ಖಾನೆ, ಮುಖವಾಡದ ಹಿಂದೆ ಇಂಗ್ಲೆಂಡಿನ ಪುರಾತನ ಸ್ಟೋನ್‌ಹೆಂಜ್ ಕಲ್ಲಿನ ಚೂರು, ದೂರದರ್ಶನದಲ್ಲಿ ಮುಖವಾಡ ತೊಟ್ಟ ಮಕ್ಕಳನ್ನು ಕೊಲ್ಲುವ ಒಂದು ಜಾಹೀರಾತಿನ ಹಾಡು. ಆ ಕಥೆಯಲ್ಲಿ 1978ರ ‘ಹ್ಯಾಲೋವೀನ್’ ಕೇವಲ ಟಿವಿಯಲ್ಲಿ ಬರುವ ಒಂದು ಸಿನಿಮಾ. ಜನ ಕೇಳಿದ್ದು ಒಂದೇ ಪ್ರಶ್ನೆ: ಮೈಕೆಲ್ ಎಲ್ಲಿ? ಆರು ವರ್ಷ ಸರಣಿ ಸತ್ತಂತೆ ಬಿದ್ದಿತ್ತು. 1988ರಲ್ಲಿ ನಾಲ್ಕನೆಯದು ಬಂದಾಗ ಹೆಸರಿನಲ್ಲೇ ‘ಮೈಕೆಲ್ ಮೈಯರ್ಸ್ ಮರಳಿದ’ ಎಂದು ಬರೆದುಕೊಂಡು ಬಂತು.

ಪಕ್ಕದ ಮನೆಯಲ್ಲೂ ಇದೇ ಗತಿ. ‘ಫ್ರೈಡೇ ದ ಥರ್ಟೀನ್ತ್’ ಸರಣಿ 1984ರಲ್ಲಿ ‘ಫೈನಲ್ ಚಾಪ್ಟರ್’ ಎಂದು ತನ್ನ ಕೊಲೆಗಾರ ಜೇಸನ್‌ನನ್ನು ಮುಗಿಸಿತು, ಮರುವರ್ಷವೇ ಐದನೆಯದು ಬಂತು. ಅದರಲ್ಲಿ ಹಾಕಿ ಆಟದ ಮುಖವಾಡದ ಹಿಂದೆ ಇದ್ದದ್ದು ಜೇಸನ್ ಅಲ್ಲ, ಮಗನನ್ನು ಕಳೆದುಕೊಂಡ ಒಬ್ಬ ಆಂಬುಲೆನ್ಸ್ ಸಿಬ್ಬಂದಿ. ಜನ ಕೆಂಡವಾದರು. 1986ರಲ್ಲಿ ಸಮಾಧಿಗೆ ಸಿಡಿಲು ಹೊಡೆಸಿ ಜೇಸನ್‌ನನ್ನೇ ಎಬ್ಬಿಸಿದರು.

ಆದ್ದರಿಂದ ಗ್ರೀನ್ ಹಿಂದಕ್ಕೆ ತಿರುಗಿದ್ದು ಹೆದರಿಕೆಯಿಂದ ಎನ್ನುವುದಕ್ಕಿಂತ ಅನುಭವದಿಂದ ಎನ್ನಬಹುದು. ‘ಎಂಡ್ಸ್’ ಶೀರ್ಷಿಕೆಯ ಅಕ್ಷರಗಳನ್ನು ಗಮನಿಸಿದಿರಾ? 1982ರ ಮೂರನೆಯ ಚಿತ್ರದ ಅದೇ ನೀಲಿ ಅಕ್ಷರ. ತಾವು ಯಾರ ಸಾಲಿನಲ್ಲಿ ನಿಂತಿದ್ದೇವೆ ಎಂಬುದು ಮಾಡಿದವರಿಗೆ ಗೊತ್ತಿತ್ತು.

ಹೊಸಬ, ಸಿಂಧನೂರು

ನಾನು 1978ರದ್ದನ್ನು ಮಾತ್ರ ನೋಡಿದ್ದೇನೆ. ‘ಎಂಡ್ಸ್’ ನೋಡಲು ನಡುವಿನ ಹನ್ನೊಂದನ್ನೂ ನೋಡಬೇಕೇ? ಸರಳವಾಗಿ ಹೇಳಿ.

ಶಕ್ತಿನಗರ ರಾತ್ರಿಪಾಳಿ, ರಾಯಚೂರು

ಬೇಡ ತಮ್ಮಾ. 1978, 2018, 2021, 2022, ಅಷ್ಟೇ. 2018ರ ಚಿತ್ರ ಮೊದಲನೆಯದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅಳಿಸಿಹಾಕಿದೆ. ತಂಗಿಯ ಕಥೆಯನ್ನೂ ಜನ ಕಟ್ಟಿದ ಸುಳ್ಳು ಎಂದು ಒಂದು ಮಾತಿನಲ್ಲಿ ತೇಲಿಸಿಬಿಡುತ್ತದೆ. ನಗಬೇಕೆನಿಸಿದಾಗ 1998ರ ಮತ್ತು 2002ರ ಚಿತ್ರಗಳನ್ನು ಒಟ್ಟಿಗೆ ನೋಡು. ಮೊದಲನೆಯದರ ಕೊನೆಯಲ್ಲಿ ಲಾರಿ ಕೊಡಲಿಯಿಂದ ಮೈಕೆಲ್‌ನ ತಲೆ ಕಡಿಯುತ್ತಾಳೆ. ಎರಡನೆಯದರ ಶುರುವಿನಲ್ಲಿ ಗೊತ್ತಾಗುತ್ತದೆ, ತಲೆ ಹೋದದ್ದು ಮೈಕೆಲ್ ಮುಖವಾಡ ತೊಡಿಸಿ ಬಿಟ್ಟಿದ್ದ ಪಾಪದ ಆಂಬುಲೆನ್ಸ್ ಸಿಬ್ಬಂದಿಯದು. ಈ ಚಿತ್ರಗಳಲ್ಲಿ ಆಂಬುಲೆನ್ಸ್ ಕೆಲಸಕ್ಕೆ ಯಾರೂ ಸೇರಬಾರದು.

ಕೋಟೆ ಕೆಳಗಿನವನು, ಬಳ್ಳಾರಿ

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ ಹತ್ತೊಂಬತ್ತನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಕೊಂಡು ಹೋದಾಗ ತಾತ್ಕಾಲಿಕ ಹಲಗೆಗಳನ್ನು ಇಳಿಸಿ ನೀರು ನಿಲ್ಲಿಸಿದರಲ್ಲ, ಈ ಸರಣಿಯವರು ನಲವತ್ತು ವರ್ಷ ಮಾಡಿದ್ದು ಅದೇ ಕೆಲಸ. ವ್ಯತ್ಯಾಸ ಏನೆಂದರೆ ಅಲ್ಲಿ ನೀರು ನಿಂತಿತು.

ಕಿನ್ನಾಳದ ಬಣ್ಣ, ಕೊಪ್ಪಳ

ನೀವೆಲ್ಲ ಕಥೆಯ ಬಗ್ಗೆ ಮಾತಾಡುತ್ತಿದ್ದೀರಿ, ನನಗೆ ಆ ಮುಖವಾಡದ ಬಗ್ಗೆ ಹೇಳಬೇಕಿದೆ. ನಮ್ಮದು ಕಿನ್ನಾಳದ ಬೊಂಬೆ ಮಾಡುವ ಮನೆತನ. ಹಗುರ ಮರ, ಗೋಣಿಚಿಂದಿ ನೆನೆಸಿ ಪುಡಿ ಮಾಡಿ ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿ ಮಾಡುವ ಕಿಟ್ಟ, ಮೇಲೆ ಬಣ್ಣ. ನಾನು ಈಗ ಬೇರೆ ಉದ್ಯೋಗದಲ್ಲಿದ್ದೇನೆ, ಆದರೆ ಚಿಕ್ಕಂದಿನಲ್ಲಿ ಅಜ್ಜನ ಪಕ್ಕ ಕೂತು ಕುಂಚ ತೊಳೆದ ಕೈ ಇದು.

1978ರಲ್ಲಿ ಮೈಕೆಲ್‌ಗೆ ಮುಖವಾಡ ಹುಡುಕಿದ್ದು ಟಾಮಿ ಲೀ ವಾಲೇಸ್. ಮುಂದೆ 1982ರ ಮೂರನೆಯ ಚಿತ್ರವನ್ನು ನಿರ್ದೇಶಿಸಿದವರೂ ಅವರೇ. ಅಂಗಡಿಯಿಂದ ಎರಡು ಡಾಲರಿಗೂ ಕಡಿಮೆ ಬೆಲೆಗೆ ತಂದದ್ದು ವಿಲಿಯಂ ಶಾಟ್ನರ್ ನಟನ ಮುಖದ ರಬ್ಬರ್ ಮುಖವಾಡ. ಹುಬ್ಬು ಕಿತ್ತರು, ಕೆನ್ನೆಗೂದಲು ಕಿತ್ತರು, ಕಣ್ಣಿನ ತೂತು ದೊಡ್ಡದು ಮಾಡಿದರು, ಬಿಳಿ ಬಣ್ಣ ಹೊಡೆದರು, ಕೂದಲು ಕೆದರಿದರು. ಅಂದರೆ ಒಬ್ಬ ನಿರ್ದಿಷ್ಟ ಮನುಷ್ಯನ ಮುಖದಿಂದ ಆ ಮನುಷ್ಯನನ್ನು ಒಂದೊಂದಾಗಿ ತೆಗೆದರು.

ನಮ್ಮ ಮನೆಯಲ್ಲಿ ಇದರ ಉಲ್ಟಾ ನಡೆಯುತ್ತದೆ. ಊರಮ್ಮನ ಮೂರ್ತಿಗೆ ಮೊದಲು ಮೈಬಣ್ಣ ಬಳಿಯುತ್ತಾರೆ, ಆಮೇಲೆ ಒಡವೆ, ಹುಬ್ಬು, ತುಟಿ. ಕಣ್ಣು ಕೊನೆಗೆ. ಕಣ್ಣಿಡುವವರೆಗೆ ಅದು ಮರ, ನಾವು ಪಕ್ಕದಲ್ಲೇ ಊಟ ಮಾಡುತ್ತಿದ್ದೆವು. ಕಣ್ಣಿಟ್ಟ ಮೇಲೆ ಅಜ್ಜ ಅದರ ಮುಂದೆ ಜೋರಾಗಿ ಮಾತನ್ನೂ ಆಡುತ್ತಿರಲಿಲ್ಲ. ಮೈಕೆಲ್‌ನ ಮುಖದಲ್ಲಿ ಕಣ್ಣಿರಬೇಕಾದ ಕಡೆ ಎರಡು ಕತ್ತಲೆಯ ಗುಳಿ. ಅದು ಕೊನೆಯ ಕುಂಚ ಬೀಳದೆ ನಿಂತುಹೋದ ಬೊಂಬೆ. ಆ ಚಿತ್ರದ ಹೆಸರಿನ ಪಟ್ಟಿಯಲ್ಲೂ ಮುಖವಾಡ ತೊಟ್ಟವನನ್ನು ಮೈಕೆಲ್ ಎಂದು ಬರೆದಿಲ್ಲ, ‘ಶೇಪ್’ ಎಂದಿದೆ, ಬರಿಯ ಆಕಾರ.

ಈಗ ‘ಎಂಡ್ಸ್’ಗೆ ಬನ್ನಿ. ಮೋರಿಯಲ್ಲಿ ಮೈಕೆಲ್ ಕೋರಿಯ ಕಣ್ಣನ್ನು ನೋಡುವಾಗ ಕ್ಯಾಮೆರಾ ಕಣ್ಣಿನೊಳಗೇ ಹೋಗುತ್ತದೆ. ಇಷ್ಟು ವರ್ಷ ಕತ್ತಲೆಯ ಗುಳಿಯಾಗಿದ್ದ ಜಾಗಕ್ಕೆ ದೃಷ್ಟಿ ಕೊಟ್ಟುಬಿಟ್ಟರು. ನನ್ನಜ್ಜಿ ನೋಡಿದ್ದರೆ ಹುಡುಗನಿಗೆ ಗಾಳಿ ಸೋಕಿದೆ, ಯಂತ್ರ ಕಟ್ಟಿಸಿ ಎನ್ನುತ್ತಿದ್ದಳು. ಗಾಳಿಯೋ, ಅವನದೇ ಮನಸ್ಸೋ ಎಂದು ಚಿತ್ರ ಕೊನೆಯವರೆಗೂ ಬಾಯಿ ಬಿಡುವುದಿಲ್ಲ, ಅದು ನನಗೆ ಒಪ್ಪಿಗೆಯೇ. ಒಪ್ಪದ ಸಂಗತಿ ಬೇರೆ. ಕೋರಿ ಮೈಕೆಲ್‌ನೊಡನೆ ಹೊಡೆದಾಡಿ ಮುಖವಾಡ ಕಿತ್ತುಕೊಳ್ಳುತ್ತಾನೆ. ಅದನ್ನು ತೊಟ್ಟ ಮೇಲೆ ಅವನ ನಡಿಗೆ ಬದಲಾಗಲೇ ಇಲ್ಲ. ಮೊದಲನೆಯ ಚಿತ್ರದಲ್ಲಿ ಬಹುಪಾಲು ಆ ಮುಖವಾಡದೊಳಗಿದ್ದ ನಿಕ್ ಕ್ಯಾಸಲ್ ತಲೆಯನ್ನು ಒಂದು ಕಡೆಗೆ ವಾಲಿಸಿ ನೋಡಿದ ಒಂದೇ ನೋಟಕ್ಕೆ ಮೈ ಜುಮ್ಮೆಂದಿತ್ತು. ಕೋರಿ ಮುಖವಾಡ ತೊಟ್ಟರೂ ಕೋಪಗೊಂಡ ಹುಡುಗನಾಗಿಯೇ ಉಳಿದ. ವೇಷ ಕಟ್ಟಿದ, ವೇಷ ಏರಲಿಲ್ಲ.

ಕೌಲ್ ಬಜಾರ್ ಹೊಲಿಗೆ, ಬಳ್ಳಾರಿ

ಕಿನ್ನಾಳದ ಅಣ್ಣನ ಮಾತು ಓದಿ ಹೊಲಿಗೆ ಯಂತ್ರ ನಿಲ್ಲಿಸಿ ಬರೆಯುತ್ತಿದ್ದೇನೆ. ಜೀನ್ಸ್ ಹೊಲಿಯುವ ನಮಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕತ್ತರಿಸುವ ಅಳತೆ ಒಂದೇ, ಕೊನೆಯಲ್ಲಿ ಹಿಂದೆ ಹಚ್ಚುವ ಚೀಟಿ ಬೇರೆ. ಚೀಟಿ ಬದಲಾದರೆ ಬೆಲೆ ಬದಲಾಗುತ್ತದೆ. ‘ಎಂಡ್ಸ್’ ಬೇರೆ ಅಳತೆಯ ಬಟ್ಟೆ ಹೊಲಿದು ಹಳೆಯ ಚೀಟಿ ಹಚ್ಚಿತು. ಕೋಟೆಯ ಅಣ್ಣನ ಸಿಟ್ಟು ಚೀಟಿಯ ಮೇಲೆ, ಗುಮಾಸ್ತರ ಪ್ರೀತಿ ಬಟ್ಟೆಯ ಮೇಲೆ. ಇಬ್ಬರೂ ಬೇರೆ ಬೇರೆ ವಸ್ತುವಿನ ಬಗ್ಗೆ ಜಗಳವಾಡುತ್ತಿದ್ದೀರಿ.

ಆದರೆ ನಿಮ್ಮಲ್ಲಿ ಒಬ್ಬರೂ ಆಲಿಸನ್ ಹೆಸರೆತ್ತಲಿಲ್ಲ, ನೋಡಿ. ಲಾರಿಯ ಮೊಮ್ಮಗಳು. 2018ರ ಆ ಒಂದೇ ರಾತ್ರಿಯಲ್ಲಿ ತಂದೆ, ತಾಯಿ ಇಬ್ಬರನ್ನೂ ಕಳೆದುಕೊಂಡವಳು. ನಾಲ್ಕು ವರ್ಷದ ನಂತರ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ, ಬಡ್ತಿ ಅವಳನ್ನು ದಾಟಿ ಇನ್ನೊಬ್ಬಳಿಗೆ ಹೋಗುತ್ತದೆ, ಕೋರಿಯ ಗಾಯಕ್ಕೆ ಪಟ್ಟಿ ಕಟ್ಟುತ್ತಾಳೆ, ಎರಡು ದಿನದಲ್ಲಿ ಅವನ ಜೊತೆ ಊರು ಬಿಡಲು ಸಿದ್ಧಳಾಗುತ್ತಾಳೆ. ಎರಡೇ ದಿನ! ಹೆಣ್ಣಿನ ಮನಸ್ಸಿಗೆ ಚಿತ್ರಕಥೆಯಲ್ಲಿ ಅಷ್ಟೇ ಜಾಗ. ಕೋರಿ ಕೊಲೆಗಾರನಾಗಲು ಮುಕ್ಕಾಲು ಗಂಟೆ ಕೊಟ್ಟವರು ಅವಳು ಅವನನ್ನು ಪ್ರೀತಿಸಲು ಒಂದು ಕುಣಿತ, ಒಂದು ಬೈಕ್ ಸವಾರಿ ಕೊಟ್ಟರು. ನಿಜವಾಗಿ ಹೊಸದೇನಾದರೂ ಮಾಡಬೇಕೆಂದಿದ್ದರೆ ಆ ಮುಖವಾಡದ ಹತ್ತಿರಕ್ಕೆ ಹೋಗಬೇಕಾಗಿದ್ದವಳು ಆಲಿಸನ್. ಸಿಟ್ಟಿಗೆ ಅವಳಿಗಿಂತ ಹೆಚ್ಚು ಕಾರಣ ಯಾರಿಗಿದೆ?

ಲಾರಿಯದೂ ಅಷ್ಟೇ. 2018ರಲ್ಲಿ ಮನೆಯನ್ನೇ ಬೋನು ಮಾಡಿಕೊಂಡು ಬಂದೂಕು ಹಿಡಿದು ಕೂತಿದ್ದವಳು. ಮಗಳು ಸತ್ತ ಮೇಲೆ ಇನ್ನಷ್ಟು ಗಟ್ಟಿಯಾಗಬೇಕಿತ್ತು. ಇಲ್ಲಿ ಆತ್ಮಕಥೆ ಬರೆಯುತ್ತ, ಕಡುಬು ಬೇಯಿಸುತ್ತ, ಅಂಗಡಿಯಲ್ಲಿ ಹಳೆಯ ಗೆಳೆಯನೊಂದಿಗೆ ನಾಚುತ್ತಿದ್ದಾಳೆ. ಜೇಮಿ ಲೀ ಕರ್ಟಿಸ್ ಮುಖದಲ್ಲಿ ಅದನ್ನೂ ನಂಬುವಂತೆ ಮಾಡಿದರು, ಅದು ಅವರ ದೊಡ್ಡತನ, ಬರೆದವರದಲ್ಲ.

ಗಿರಣಿ ಗುಮಾಸ್ತ, ಗಂಗಾವತಿ

ಅಕ್ಕಾ, ಸೋತೆ. ಆಲಿಸನ್ ಬಗ್ಗೆ ನೀವು ಹೇಳಿದ್ದಕ್ಕೆ ಎದುರಾಡಲು ನನ್ನ ಬಳಿ ಒಂದು ವಾಕ್ಯವೂ ಇಲ್ಲ. ಮೊದಲ ಬರಹದಲ್ಲಿ ಅವಳ ಹೆಸರನ್ನೇ ಬಿಟ್ಟಿದ್ದೇನೆ ಎಂಬುದು ನೀವು ಹೇಳಿದ ಮೇಲೆ ಕಂಡಿತು.

ಆದರೆ ರಾತ್ರಿಪಾಳಿಯವರ ವಾದಕ್ಕೆ ಒಂದು ಮಾತು. 1982ರ ಮೂರನೆಯ ಚಿತ್ರವನ್ನು ಜನ ಆಗ ಬೈದರು, ಇವತ್ತು ಅದನ್ನು ಹುಡುಕಿಕೊಂಡು ನೋಡುವವರಿದ್ದಾರೆ. ಅದು ಪೂರ್ತಿ ಬಿಟ್ಟಿತ್ತು, ಅದಕ್ಕೇ ಉಳಿಯಿತು. ‘ಎಂಡ್ಸ್’ ಕೊನೆಗೆ ಎರಡೂ ದೋಣಿಯಲ್ಲಿ ಕಾಲಿಟ್ಟಿತು. ಹರಿಗೋಲಿನಲ್ಲಿ ಹೊಳೆ ದಾಟಿದ ಆನೆಗುಂದಿಯ ಕಡೆಯವರನ್ನು ಕೇಳಿ ನೋಡಿ, ಹಾಗೆ ನಿಂತವನ ಗತಿ ಏನಾಗುತ್ತದೆಂದು.

ಮುದಗಲ್ಲಿನ ಮೇಷ್ಟ್ರು, ರಾಯಚೂರು ಜಿಲ್ಲೆ

ಮೊಮ್ಮಗ ತೋರಿಸಿದ್ದರಿಂದ ಈ ಚಿತ್ರ ನೋಡಿದೆ. ಇಂಥ ಚಿತ್ರಗಳ ವಿದ್ಯಾರ್ಥಿಯಲ್ಲ ನಾನು. ವೇಷದ ಮಾತು ಬಂದದ್ದರಿಂದ ಎರಡು ಮಾತು.

ನಮ್ಮೂರಿನ ಮೊಹರಂ ನಿಮಗೆಲ್ಲ ಗೊತ್ತು. ಹರಕೆ ಹೊತ್ತವರು ಹುಲಿವೇಷ ಹಾಕುತ್ತಾರೆ. ನನ್ನ ತರಗತಿಯಲ್ಲಿ ಕೊನೆಯ ಸಾಲಿನಲ್ಲಿ ಕೂತು ಬಾಯಿಯೇ ಬಿಡದಿದ್ದ ಹುಡುಗನೊಬ್ಬ ಬಣ್ಣ ಬಳಿದುಕೊಂಡು ಹಲಗೆಯ ಬಡಿತಕ್ಕೆ ಕುಣಿಯುವುದನ್ನು ಕಂಡು ನಾನೇ ಎರಡು ಹೆಜ್ಜೆ ಹಿಂದೆ ಸರಿದಿದ್ದೇನೆ. ಮರುದಿನ ಬಣ್ಣ ತೊಳೆದು ಬಂದು ಮತ್ತೆ ಅದೇ ಸಾಲಿನಲ್ಲಿ ಕೂತ. ನಮ್ಮಲ್ಲಿ ವೇಷಕ್ಕೆ ಇಳಿಯುವ ದಿನ ಇದೆ. ಕೋರಿಗೆ ಆ ದಿನವನ್ನು ಯಾರೂ ಗೊತ್ತುಮಾಡಲಿಲ್ಲ. ಕಿನ್ನಾಳದವರು ಅವನಿಗೆ ವೇಷ ಏರಲಿಲ್ಲ ಎಂದರು. ಏರಿದ್ದೇ ಇಳಿಯಲಿಲ್ಲ ಎಂದು ನನಗೆ ಕಂಡಿತು. ಇರಲಿ.

ಇನ್ನೊಂದು ಹೇಳಬೇಕೇ ಬೇಡವೇ ಎಂದು ಯೋಚಿಸಿ ಬರೆಯುತ್ತಿದ್ದೇನೆ. ಬಹಳ ವರ್ಷದ ಹಿಂದೆ ನಮ್ಮ ಕಡೆ ಒಬ್ಬ ಟ್ರ್ಯಾಕ್ಟರ್ ಚಾಲಕನಿದ್ದ. ಕಬ್ಬಿಣದ ಹಿಂಬದಿ ಗಾಡಿಯ ಮೇಲೆ ಗೊತ್ತಿಲ್ಲದಂತೆ ಹತ್ತಿ ಕೂತಿದ್ದ ಮಗುವೊಂದು ತಿರುವಿನಲ್ಲಿ ಜಾರಿ ಬಿದ್ದು ತೀರಿಕೊಂಡಿತು. ಅವನ ತಪ್ಪಿಲ್ಲವೆಂದು ಠಾಣೆಯಲ್ಲಿ ತೀರ್ಮಾನವಾಯಿತು, ಮಗುವಿನ ತಂದೆಯೂ ಒಪ್ಪಿದ. ಊರು ಒಪ್ಪಲಿಲ್ಲ. ಅವನ ಗಾಡಿಗೆ ಹೇರು ಹಾಕುವುದನ್ನು ನಿಲ್ಲಿಸಿದರು. ಅವನು ಚಹಾ ಅಂಗಡಿಗೆ ಬಂದರೆ ಮಾತು ನಿಲ್ಲುತ್ತಿತ್ತು. ನಾನೂ ಮಾತು ನಿಲ್ಲಿಸಿದವರಲ್ಲಿ ಒಬ್ಬ.

ಅವನು ಕೊಲೆಗಾರನಾಗಲಿಲ್ಲ. ಧ್ವನಿ ಸಣ್ಣದಾಯಿತು, ನಡಿಗೆ ಗೋಡೆಯ ಪಕ್ಕಕ್ಕೆ ಸರಿಯಿತು. ಕೊನೆಗೆ ದೊಡ್ಡ ಊರಿಗೆ ಹೋಗಿ ಯಾವುದೋ ಕಟ್ಟಡದಲ್ಲಿ ರಾತ್ರಿ ಕಾವಲುಗಾರನಾದ. ಒಮ್ಮೆ ಅಲ್ಲಿ ಸಿಕ್ಕಾಗ ನನ್ನನ್ನು ನೋಡಿ ಎದ್ದು ನಿಂತು ನಮಸ್ಕಾರ ಮಾಡಿದ. ಕೂತುಕೋ ಎಂದರೂ ಕೂರಲಿಲ್ಲ.

ಊರು ಒಬ್ಬನನ್ನು ಹೀಗೆ ಮಾಡಬಲ್ಲದು ಎಂಬುದನ್ನು ಈ ಅಮೆರಿಕದ ಚಿತ್ರ ಸರಿಯಾಗಿಯೇ ಹಿಡಿದಿದೆ. ಆ ಬ್ಯಾಂಡ್‌ಸೆಟ್ ಹುಡುಗರು ಕೋರಿಯನ್ನು ಅಂಗಡಿಯ ಮುಂದೆ ನಿಲ್ಲಿಸಿ ಕಾಡುವಾಗ ನನಗೆ ನಮ್ಮ ಚಹಾ ಅಂಗಡಿ ಕಂಡಿತು. ಆದರೆ ನೊಂದವನ ಕೈಗೆ ಚೂರಿ ಕೊಟ್ಟು ಅವನನ್ನು ರಾಕ್ಷಸ ಮಾಡಿದ ಕೂಡಲೇ ಊರಿಗೆ ನಿರಾಳವಾಯಿತು. ನೋಡಿದಿರಾ, ನಾವು ಮೊದಲೇ ಹೇಳಿರಲಿಲ್ಲವೇ ಎನ್ನಬಹುದಲ್ಲ? ನಮ್ಮ ಚಾಲಕ ಆ ಅನುಕೂಲವನ್ನು ನಮಗೆ ಮಾಡಿಕೊಡಲಿಲ್ಲ.

ಹೊಸಬ, ಸಿಂಧನೂರು

ಮೇಷ್ಟ್ರೇ, ನಿಮ್ಮ ಬರಹವನ್ನು ಎರಡು ಸಲ ಓದಿದೆ.

ಕೋಟೆ ಕೆಳಗಿನವನು, ಬಳ್ಳಾರಿ

ಮೇಷ್ಟ್ರು ಬರೆದ ಮೇಲೆ ನನ್ನ ಹುಲಿ ಬೆಕ್ಕಿನ ಮಾತು ಚಿಲ್ಲರೆಯಾಗಿ ಕಾಣುತ್ತಿದೆ. ಆದರೂ ಹಿಂತೆಗೆಯುವುದಿಲ್ಲ, ನಾನು ಚೀಟಿ ಕೊಂಡವನು!

ಒಂದನ್ನು ಮಾತ್ರ ಬಿಟ್ಟುಕೊಡುತ್ತೇನೆ, ಸಂಗೀತ. 1978ರಲ್ಲಿ ಕಾರ್ಪೆಂಟರ್ ತಾವೇ ಕೀಬೋರ್ಡಿನಲ್ಲಿ ನುಡಿಸಿದ ಆ ರಾಗ ಐದು ಮಾತ್ರೆಯ ಲೆಕ್ಕದ್ದು. ಚಿಕ್ಕವರಿದ್ದಾಗ ತಂದೆ ಬಾಂಗೋ ವಾದ್ಯದ ಮೇಲೆ ಕಲಿಸಿದ ತಾಳವಂತೆ. ನಮ್ಮಲ್ಲಿ ಭಜನೆಗೆ ಕೂತವರು ತೊಡೆಯ ಮೇಲೆ ಖಂಡಗತಿ ಹಾಕಿ ನೋಡಿ, ಕೂರುತ್ತದೆ. ನಾಲ್ಕಕ್ಕೆ ಮುಗಿಯಬೇಕು ಎಂದು ಕಾಯುವ ಕಿವಿಗೆ ಇನ್ನೊಂದು ಪೆಟ್ಟು ಹೆಚ್ಚಾಗಿ ಬೀಳುತ್ತದಲ್ಲ, ಹೆದರಿಕೆ ಇರುವುದು ಆ ಹೆಚ್ಚಿನ ಪೆಟ್ಟಿನಲ್ಲಿ. ‘ಎಂಡ್ಸ್’ ಸಂಗೀತವೂ ಅವರದೇ, ಮಗ ಕೋಡಿ ಕಾರ್ಪೆಂಟರ್ ಮತ್ತು ಡೇನಿಯಲ್ ಡೇವಿಸ್ ಜೊತೆ. ಕೋರಿ ಮತ್ತು ಆಲಿಸನ್ ಬೈಕಿನಲ್ಲಿ ಹೋಗುವಾಗ ಕೇಳುವ ಸಂಗೀತ ಯಾವುದೋ ಒಳ್ಳೆಯ ಪ್ರೇಮಚಿತ್ರದಿಂದ ತಪ್ಪಿಸಿಕೊಂಡು ಬಂದಂತಿದೆ. ಆ ಚಿತ್ರ ಯಾವುದೋ, ಅದನ್ನೇ ಮಾಡಬಹುದಿತ್ತು.

ಶಕ್ತಿನಗರ ರಾತ್ರಿಪಾಳಿ, ರಾಯಚೂರು

ಮೇಷ್ಟ್ರ ಮಾತು ಓದಿದ ಮೇಲೆ ಪಾಳಿ ಮುಗಿಸಿ ಬಂದು ಕೊನೆಯ ಇಪ್ಪತ್ತು ನಿಮಿಷ ಮತ್ತೊಮ್ಮೆ ನೋಡಿದೆ. ಇಷ್ಟು ದಿನ ಕಾಣದೇ ಇದ್ದದ್ದು ಕಂಡಿತು.

‘ಕಿಲ್ಸ್’ನಲ್ಲಿ ಆಸ್ಪತ್ರೆಯ ದೃಶ್ಯ ನೆನಪಿದೆಯೇ? ಈ ರಾತ್ರಿ ಕೇಡು ಸಾಯಬೇಕು ಎಂದು ಕೂಗುತ್ತ ಇಡೀ ಹ್ಯಾಡನ್‌ಫೀಲ್ಡ್ ಒಬ್ಬ ರೋಗಿಯನ್ನು ಮೈಕೆಲ್ ಎಂದು ತಿಳಿದು ಅಟ್ಟಿಸಿಕೊಂಡು ಹೋಗುತ್ತದೆ. ಮುಖ ನೋಡಿದರೆ ಸಾಕಿತ್ತು, ಮೈಕಟ್ಟು ನೋಡಿದರೂ ಸಾಕಿತ್ತು. ಯಾರೂ ನೋಡಲಿಲ್ಲ. ಅವನು ಹೆದರಿ ಮೇಲಿನ ಕಿಟಕಿಯಿಂದ ಹಾರಿ ಸತ್ತ. ಎರಡನೆಯ ಚಿತ್ರದಲ್ಲಿ ನನಗೆ ನಿಜವಾಗಿ ಹಿಡಿಸಿದ್ದು ಅದೊಂದೇ.

‘ಎಂಡ್ಸ್’ ಕೊನೆಗೆ ಬನ್ನಿ. ಲಾರಿ ಅಡುಗೆಮನೆಯ ಮೇಜಿಗೆ ಮೈಕೆಲ್‌ನ ಕೈಯನ್ನು ಚೂರಿಯಿಂದ ಜಡಿದು, ಕಾಲಿನ ಮೇಲೆ ಫ್ರಿಜ್ ಕೆಡವಿ, ಮೊಮ್ಮಗಳ ನೆರವಿನಿಂದ ಕೊಲ್ಲುತ್ತಾಳೆ. ಆಮೇಲೆ ಕಾರಿನ ಮೇಲೆ ಹೆಣ ಕಟ್ಟಿ ಗುಜರಿಯ ಕಡೆಗೆ ಮೆರವಣಿಗೆ. ಊರಿಗೆ ಊರೇ ಹಿಂದೆ. ಕಬ್ಬಿಣ ಪುಡಿ ಮಾಡುವ ಯಂತ್ರಕ್ಕೆ ಹೆಣವನ್ನು ಹಾಕುವಾಗ ಎಲ್ಲರೂ ಮೌನವಾಗಿ ನಿಂತು ನೋಡುತ್ತಾರೆ. ಮೊದಲ ಸಲ ನೋಡಿದಾಗ ನನ್ನ ಗಂಟಲು ಕಟ್ಟಿತ್ತು, ಸುಳ್ಳು ಹೇಳುವುದಿಲ್ಲ.

ಈ ಸಲ ಆ ಗುಂಪಿನ ಮುಖಗಳನ್ನು ನೋಡಿದೆ. ರೋಗಿಯನ್ನು ಅಟ್ಟಿಸಿಕೊಂಡು ಹೋಗಿ ಸಾಯಿಸಿದ ಊರು ಇದೇ. ಕೋರಿಯನ್ನು ಮೂರು ವರ್ಷ ಉಗಿದ ಊರೂ ಇದೇ. ಯಂತ್ರದೊಳಗೆ ಮೈಕೆಲ್‌ನ ಜೊತೆ ಇವರ ಲೆಕ್ಕವೂ ಪುಡಿಯಾಗಿ ಹೋಯಿತು. ಒಬ್ಬರೂ ತಲೆ ತಗ್ಗಿಸಲಿಲ್ಲ. ಕೋರಿಯ ಹೆಣ ಆಗ ಎಲ್ಲಿತ್ತು? ಅವನು ಚೂರಿಯನ್ನು ತನ್ನ ಕತ್ತಿಗೇ ಚುಚ್ಚಿಕೊಂಡು ಬಿದ್ದಿದ್ದ, ಮೈಕೆಲ್ ಬಂದು ಕತ್ತು ಮುರಿದು ಮುಖವಾಡ ವಾಪಸು ತೆಗೆದುಕೊಂಡ, ಅಷ್ಟು ತೋರಿಸಿದರು. ಆಮೇಲೆ ಅವನನ್ನು ಯಾರೂ ಕೇಳಲಿಲ್ಲ. ಚಿತ್ರವೂ ಕೇಳಲಿಲ್ಲ.

ಗುಮಾಸ್ತರೇ, ನೀವು ಚಿತ್ರ ಹಿಂದಕ್ಕೆ ತಿರುಗಿತು ಎಂದಿದ್ದೀರಿ. ತಿರುಗಿದ ಜಾಗ ಅಡುಗೆಮನೆಯಲ್ಲ ಎನಿಸುತ್ತದೆ, ಈ ಮೆರವಣಿಗೆ.

ಕೌಲ್ ಬಜಾರ್ ಹೊಲಿಗೆ, ಬಳ್ಳಾರಿ

ಮೆರವಣಿಗೆಯಲ್ಲಿ ಆ ಸತ್ತ ಹುಡುಗನ ತಂದೆ ತಾಯಿ ಇದ್ದರೇ? ಮೂರು ಸಲ ಹಿಂದಕ್ಕೆ ಹೋಗಿ ನೋಡಿದೆ, ನನ್ನ ಕಣ್ಣಿಗೆ ಬೀಳಲಿಲ್ಲ.

ಕಿನ್ನಾಳದ ಬಣ್ಣ, ಕೊಪ್ಪಳ

ಕೊನೆಯ ಚಿತ್ರಿಕೆ ನೆನಪಿಸಿಕೊಳ್ಳಿ ಅಕ್ಕಾ. ಲಾರಿಯ ಮನೆಯ ಮೇಜಿನ ಮೇಲೆ ಖಾಲಿ ಮುಖವಾಡ. ಅದನ್ನು ಮಾತ್ರ ಯಂತ್ರಕ್ಕೆ ಹಾಕಲಿಲ್ಲ. ನಮ್ಮಲ್ಲಿ ಮುಕ್ಕಾದ ಮೂರ್ತಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಹೊಳೆಗೆ ಬಿಡುತ್ತಾರೆ. ಮುಂದಿನ ಚಿತ್ರದವರಿಗೆ ಬೇಕಾಗುತ್ತದೆಂದು ಇಟ್ಟಿರಬೇಕು.

ಗಿರಣಿ ಗುಮಾಸ್ತ, ಗಂಗಾವತಿ

ನಿಮ್ಮೆಲ್ಲರ ಮಾತು ಕೇಳಿ ನಿನ್ನೆ ರಾತ್ರಿ 1982ರ ಮೂರನೆಯ ಚಿತ್ರ ಹಾಕಿಕೊಂಡು ಕೂತೆ. ಮಗಳು ಪಕ್ಕದ ಕೋಣೆಯಿಂದಲೇ ಆ ಜಾಹೀರಾತಿನ ಹಾಡು ಕಲಿತು ಬೆಳಗಿನಿಂದ ಗುನುಗುತ್ತಿದ್ದಾಳೆ, ಹೆಂಡತಿ ನನ್ನನ್ನು ಗುರಾಯಿಸುತ್ತಿದ್ದಾಳೆ.

ಒಂದು ಅನುಮಾನ. ಚಿತ್ರದ ನಾಯಕನಾದ ವೈದ್ಯ ಫೋನ್ ಹಿಡಿದುಕೊಂಡು ಆ ಜಾಹೀರಾತು ನಿಲ್ಲಿಸಿ ಎಂದು ಅರಚುತ್ತಿದ್ದ. ಎರಡು ವಾಹಿನಿಗಳಲ್ಲಿ ನಿಂತಿತ್ತು, ಮೂರನೆಯದರಲ್ಲಿ ಇನ್ನೂ ಬರುತ್ತಿತ್ತು. ನಿಲ್ಲಿಸಿ, ನಿಲ್ಲಿಸಿ ಎನ್ನುತ್ತಿರುವಾಗಲೇ ಪರದೆ ಕಪ್ಪಾಯಿತು, ಅದರ ಹಿಂದೆಯೇ ಫ್ಯಾನೂ ನಿಂತಿತು. ಕರೆಂಟು ಹೋಗಿತ್ತು. ಬಂದದ್ದು ಎರಡು ಗಂಟೆಯ ಮೇಲೆ, ಅಷ್ಟರಲ್ಲಿ ನಿದ್ದೆ ಹತ್ತಿತ್ತು. ಉಳಿದದ್ದು ಎಷ್ಟಿದೆ? ನಿಂತಿತೇ ಆ ಜಾಹೀರಾತು?

ಶಕ್ತಿನಗರ ರಾತ್ರಿಪಾಳಿ, ರಾಯಚೂರು

ಏನೂ ಉಳಿದಿಲ್ಲ ಗುಮಾಸ್ತರೇ. ಚಿತ್ರ ಮುಗಿಯುವುದೇ ಅಲ್ಲಿ. ಕರೆಂಟು ಹೋದದ್ದು ಆಮೇಲೆ.